ಎರಡು ನಲವತ್ತರ ಗೆರೆ

ಕಸ್ತೂರಿ ಬಳಿಗಾರಳ ಕೆಲಸ ಏನೆಂದು ಹಿರೇಬಾವಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತ್ರಿನಗರ ಜಲಮಂಡಳಿಯ ಕಚೇರಿಯಲ್ಲಿ ಅವಳ ಕೋಣೆಯ ಬಾಗಿಲಿಗೆ 'ಸಂಸ್ಥಾ ವಾಸ್ತುಶಿಲ್ಪಿ' ಎಂಬ ಹಲಗೆ ಹಾಕಿದ್ದರು. ಅದನ್ನು ನೋಡಿದ್ದೇ ತಡ, ಓಣಿಯ ಮಂದಿ ಇವಳು ಮನೆ ಕಟ್ಟುವ ಎಂಜಿನಿಯರ್ ಎಂದು ತಿಳಿದು, ಬಚ್ಚಲು ಯಾವ ಮೂಲೆಗೆ ಬರಬೇಕು, ಅಡುಗೆಮನೆ ಕಿಟಕಿ ಎಲ್ಲಿಡಬೇಕು ಎಂದು ಕೇಳಿಕೊಂಡು ಬರತೊಡಗಿದರು. ಅವಳ ಅವ್ವ ನೀಲವ್ವ ಬಂದವರಿಗೆಲ್ಲ ಅಲ್ಲ ಅಲ್ಲ ಎಂದು ಹೇಳಿ ಸಾಕಾಗಿ, ಕೊನೆಗೆ, "ಕಟ್ಟತಾಳ್ರೀ, ಆದ್ರ ಅದು ಕಣ್ಣಿಗೆ ಕಾಣಂಗಿಲ್ಲ" ಎಂದುಬಿಡುತ್ತಿದ್ದಳು.

ನೀಲವ್ವ ಹೇಳಿದ್ದೇ ಖರೆ. ಸಾವಿರದ ಮುನ್ನೂರು ಮಂದಿ ದುಡಿಯುವ ಜಾಗದಲ್ಲಿ ಯಾರು ಯಾರಿಗಾಗಿ ಏನು ಮಾಡುತ್ತಾರೆ, ಯಾವ ಕಾಗದ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಯಾವ ಪಂಪು ನಿಂತರೆ ಯಾವ ಓಣಿಯ ನಲ್ಲಿ ಒಣಗುತ್ತದೆ, ಇಷ್ಟನ್ನೂ ಒಂದೇ ಚಿತ್ರದಲ್ಲಿ ಬರೆಯುವುದು ಅವಳ ಕೆಲಸ. ಬರೆದ ಮೇಲೆ, ಚಿತ್ರ ಹೇಗಿದ್ದರೆ ಚೆನ್ನ ಎಂದು ಯೋಚಿಸಿ, ಸಂಸ್ಥೆಯನ್ನು ಹಾಗೆ ತಿದ್ದುವುದು. ಹಿಂದೆ ಇದನ್ನು ಗೋಡೆಗೆ ಹಳದಿ ಚೀಟಿ ಅಂಟಿಸಿ ಮಾಡುತ್ತಿದ್ದರು. ಚಿತ್ರ ಮುಗಿಯುವ ಹೊತ್ತಿಗೆ ಅರ್ಧ ಮಂದಿ ವರ್ಗವಾಗಿ ಹೋಗಿರುತ್ತಿದ್ದರು. ಚಿತ್ರವನ್ನು ಸುರುಳಿ ಸುತ್ತಿ ಬೀರುವಿನ ಮೇಲಿಡುತ್ತಿದ್ದರು, ಅದರ ಕತೆ ಅಲ್ಲಿಗೆ ಮುಗಿಯುತ್ತಿತ್ತು.

'ಹಂದರ' ಬಂದ ಮೇಲೆ ಆ ಕಾಲ ಹೋಯಿತು. ಮದುವೆ ಮನೆಯ ಮುಂದೆ ಹಾಕುವ ಹಂದರದ ಹೆಸರನ್ನು ಈ ಯಂತ್ರಕ್ಕೆ ಇಟ್ಟವರು ಯಾರೋ ಗೊತ್ತಿಲ್ಲ. ಅದು ಮಂಡಳಿಯ ಪ್ರತಿ ಫೋನು, ಬಾಗಿಲು, ಪಂಪು, ಕಂಪ್ಯೂಟರಿಗೆ ಕಿವಿಗೊಟ್ಟು ಕೂರುತ್ತಿತ್ತು. ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ, ಅದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಯಾರು ಯಾರನ್ನು ಯಾವಾಗ ಮುಟ್ಟಿದರು, ಮುಟ್ಟಿದ ಮೇಲೆ ಏನು ಬದಲಾಯಿತು, ಇಷ್ಟನ್ನೇ ಗಮನಿಸುತ್ತಿತ್ತು. ಹೀಗೆ ಮೂರು ತಿಂಗಳು ಕೇಳಿ, ಪ್ರತಿ ಕೆಲಸಕ್ಕೂ ಒಂದೊಂದು ಗೆರೆ ಎಳೆಯುತ್ತಿತ್ತು. ಗೆರೆಯ ಕೊನೆಯಲ್ಲಿ ಮಂಡಳಿಗೆ ಏನಾದರೂ ಉಪಯೋಗ ಕಂಡರೆ ಹಸಿರು, ಕಾಣದಿದ್ದರೆ ಕೆಂಪು. ಕೆಂಪು ಗೆರೆಯವರನ್ನು ಕಸ್ತೂರಿ ಖುದ್ದಾಗಿ ಹೋಗಿ ಕೇಳಬೇಕು, ಕೇಳಿ ಮೂರರಲ್ಲಿ ಒಂದು ಗುಂಡಿ ಒತ್ತಬೇಕು: ಮಂಡಳಿಯದು, ಕುಟುಂಬದ್ದು, ಬೇಡದ್ದು. ಮಂಡಳಿಯದಾದರೆ ಗೆರೆ ಉಳಿಯುತ್ತದೆ. ಉಳಿದೆರಡಾದರೆ ಹೊಸ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಅಂಥ ಇನ್ನೂರ ಹನ್ನೆರಡು ಕೆಂಪು ಗೆರೆಗಳಿದ್ದವು. ಅವಳು ಒಂದೊಂದನ್ನೂ ಬೆನ್ನು ಹತ್ತಿ ಹೋದಳು. ಉಗ್ರಾಣದವನೊಬ್ಬ ದಿನಾ ಹನ್ನೊಂದಕ್ಕೆ ನಾಲ್ಕನೇ ಗೇಟಿಗೆ ಹೋಗುವುದು ನಾಯಿಗೆ ರೊಟ್ಟಿ ಹಾಕಲಿಕ್ಕೆ ಎಂದು ತಿಳಿಯಿತು. ಇಬ್ಬರು ಗುಮಾಸ್ತೆಯರು ಒಂದೇ ಲೆಕ್ಕದ ತಖ್ತೆಯನ್ನು ಎರಡೂ ಕಡೆ ಬರೆಯುತ್ತಿದ್ದುದು ಹತ್ತು ವರ್ಷದ ಹಿಂದೆ ತಮ್ಮಲ್ಲಿ ಮಾತು ಬಿಟ್ಟಿದ್ದರಿಂದ. ಕಸ್ತೂರಿಗೆ ಈ ಕೆಲಸ ಖುಷಿ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಹೊಸ ವ್ಯವಸ್ಥೆಯ ಉದ್ಘಾಟನೆಗೆ ಮೂರು ದಿನ ಇದ್ದಾಗ ನಿಯಂತ್ರಣ ಕೋಣೆಯ ಗೋಡೆಗಿದ್ದ ದೊಡ್ಡ ಪರದೆಯಲ್ಲಿ ಒಂದೇ ಒಂದು ಕೆಂಪು ಗೆರೆ ಉಳಿದಿತ್ತು.

ಕರಿಹಳ್ಳದ ಫಿಲ್ಟರ್ ಹೌಸಿನಿಂದ ಪ್ರತಿ ಮಧ್ಯಾಹ್ನ ಎರಡು ನಲವತ್ತಕ್ಕೆ ಒಂದು ಫೋನು. ಒಂದೇ ನಂಬರು, ನಲವತ್ತು ಸೆಕೆಂಡು. ರಜೆ ಇಲ್ಲ, ಹಬ್ಬ ಇಲ್ಲ. ಆ ನಂಬರು ಮಂಡಳಿಯ ಬೇಲಿಯಾಚೆಗಿನದು, ಆದ್ದರಿಂದ ಯಾರದೆಂದು ನೋಡಲು ಹಂದರಕ್ಕೆ ಬರುವಂತಿರಲಿಲ್ಲ. ಕಸ್ತೂರಿ ತಾನೇ ಒಮ್ಮೆ ಆ ನಂಬರು ಒತ್ತಿ ನೋಡಬಹುದಿತ್ತು. ಒತ್ತಲಿಲ್ಲ.

ಫೋನು ಮಾಡುತ್ತಿದ್ದವರು ಫಕ್ಕೀರಪ್ಪ ತಳವಾರ. ಮೂವತ್ತೊಂದು ವರ್ಷದಿಂದ ಫಿಲ್ಟರ್ ಹೌಸಿನಲ್ಲಿ ನೀರಿಗೆ ಕ್ಲೋರಿನ್ ಬಿಡುವ ಕೆಲಸ, ನಿವೃತ್ತಿಗೆ ಐದು ತಿಂಗಳು. ಅವಳು ಹೋದಾಗ ಅವರು ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಪುಡಿ ಹಾಕಿ, ಬೆಳಕಿಗೆ ಎತ್ತಿ, ಕ್ಲೋರಿನ್ ಎಷ್ಟಿದೆ ಎಂದು ಗುಲಾಬಿ ಬಣ್ಣ ನೋಡುತ್ತಿದ್ದರು. ವಿಚಾರಣೆಯ ಹೊತ್ತಿನಲ್ಲಿ ಆಡಿದ್ದು, ತೆರೆದು ನೋಡಿದ್ದು ಮಾತ್ರ ದಾಖಲಾಗುತ್ತಿತ್ತು; ಕಸ್ತೂರಿ ಹಂದರದ ಆ ಕಿವಿಯನ್ನೂ ಮುಚ್ಚಿಸಿ, ಸ್ಟೂಲು ಎಳೆದುಕೊಂಡು ಕುಳಿತಳು. ಮಂದಿ ಬಿಚ್ಚುಮನಸ್ಸಿನಿಂದ ಮಾತಾಡಲಿ ಎಂದು ಅವಳೇ ಮಾಡಿಕೊಂಡ ನಿಯಮ ಅದು. ಆ ನಿಯಮದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ದಿನಾ ಎರಡು ನಲವತ್ತಕ್ಕೆ ಯಾರಿಗೆ ಫೋನು ಮಾಡುತ್ತೀರಿ ಎಂದು ಕೇಳಿದಳು.

ಫಕ್ಕೀರಪ್ಪ ನಳಿಕೆಯನ್ನು ಕೆಳಗಿಟ್ಟರು. "ಮನಿಗ್ರೀ ಮೇಡಮ್ಮಾರ" ಎಂದರು. ಕೈ ಒರೆಸಿಕೊಳ್ಳುತ್ತ, "ಹೇಣ್ತಿಗೆ ಮೈಯಾಗ ಆರಾಮ ಇಲ್ಲ. ಹೆಂಗದಾಳ ಅಂತ ಕೇಳತೀನ್ರಿ, ಅಷ್ಟ."

ಕಸ್ತೂರಿಯ ಕೈಯಲ್ಲಿದ್ದ ಪರದೆಯ ಮೇಲೆ ಅವರ ಸೇವಾ ಪುಸ್ತಕವೇ ತೆರೆದಿತ್ತು. ಪತ್ನಿ ಶಾಂತವ್ವ, ಅದರ ಮುಂದೆ 'ಮೃತ' ಎಂದು, ಹನ್ನೊಂದು ವರ್ಷ ಹಿಂದಿನ ತಾರೀಖು. ಅವಳು ಅದನ್ನು ಓದಿದಳು. ತಲೆ ಎತ್ತಿದಾಗ ಫಕ್ಕೀರಪ್ಪ ಅವಳನ್ನೇ ನೋಡುತ್ತಿದ್ದರು, ನೋಡುತ್ತಲೇ ಇದ್ದರು. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಕೇಳಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ, ಸೋಮವಾರ ಮಂತ್ರಿಗಳು ಬರುವವರು, ಗೋಡೆಯಲ್ಲಿ ಒಂದೇ ಗೆರೆ ಉಳಿದಿದೆ. ಅವಳು 'ಕುಟುಂಬದ್ದು' ಎಂಬ ಗುಂಡಿ ಒತ್ತಿದಳು. ಎದ್ದು ಹೊರಡುವಾಗ, ಸಮಾಧಾನಕ್ಕೆ ಇರಲಿ ಎಂದು, ಇನ್ನೊಂದು ಮಾತೂ ಆಡಿದಳು: "ಇನ್ನ ಮ್ಯಾಲ ಎಲ್ಲಾ ಹಂದರಾನ ನೋಡ್ಕೊಂತೈತಿ ಕಾಕಾ. ನೀವು ನಿಶ್ಚಿಂತಿ ಇರ್ರಿ."

ಉದ್ಘಾಟನೆ ಚೆನ್ನಾಗಿಯೇ ಆಯಿತು. ಗೋಡೆ ತುಂಬ ಹಸಿರು, ಚಪ್ಪಾಳೆ, ಶಾಲು. ಅಂದಿನಿಂದ ಕ್ಲೋರಿನ್ನನ್ನು ಯಂತ್ರವೇ ಬಿಡತೊಡಗಿತು. ನಳಿಕೆ ಹಿಡಿದು ಬಣ್ಣ ನೋಡುವ ಕೆಲಸ ಹೋಯಿತು, ಫಿಲ್ಟರ್ ಹೌಸಿನ ಹಳೇ ಫೋನು ಹೋಯಿತು, ಫಕ್ಕೀರಪ್ಪನವರನ್ನು ಹದಿನೆಂಟು ಕಿಲೋಮೀಟರ್ ಆಚೆ ಕೊಣ್ಣಳ್ಳಿಯ ಪಂಪಿಗೆ ಹಾಕಿದರು.

ಮೂರು ವಾರ ಕಳೆದು ಮೊದಲ ದೊಡ್ಡ ಮಳೆ ಬಿತ್ತು. ಮರುದಿನ ಮುಂಜಾನೆ ನೀಲವ್ವ ನಲ್ಲಿಯ ಕೆಳಗೆ ಕೊಡ ಇಟ್ಟು, ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದಳು. "ಏ ಕಸ್ತೂ, ಏನಬೇ ಇದು, ನೀರು ದವಾಖಾನಿ ವಾಸನಿ ಹೊಡ್ಯಾಕತ್ತೈತಿ" ಎಂದಳು. ಕಸ್ತೂರಿ ಚಹಾ ಕುಡಿಯುತ್ತ ನಕ್ಕು, ಹೊಲದ ಗೊಬ್ಬರವೆಲ್ಲ ಹಳ್ಳಕ್ಕೆ ಕೊಚ್ಚಿಕೊಂಡು ಬಂದಿದೆ, ಅದನ್ನು ಕಂಡು ಯಂತ್ರ ತಾನೇ ಔಷಧಿ ಏರಿಸಿದೆ, ಮೊದಲಾಗಿದ್ದರೆ ಇದಕ್ಕೆ ಅರ್ಧ ದಿನ ಬೇಕಿತ್ತು, ಈಗ ಒಂಬತ್ತು ನಿಮಿಷ ಎಂದು ವಿವರಿಸಿದಳು. ಅವ್ವನಿಗೆ ಅದೆಲ್ಲ ಬೇಕಿರಲಿಲ್ಲ. ಕೊಡ ಚೆಲ್ಲಿ ಮತ್ತೆ ಹಿಡಿದಳು.

ಆ ನೀರು ಕುಡಿದರೆ ಯಾರಿಗೂ ಏನೂ ಆಗುವುದಿಲ್ಲ. ಹೊಟ್ಟೆ ಅದನ್ನು ಅರಗಿಸಿಕೊಳ್ಳುತ್ತದೆ. ಆದರೆ ಗೊಬ್ಬರದ ಅಮೋನಿಯಾ ಜೊತೆ ಕ್ಲೋರಿನ್ ಕೂಡಿ ಆಗುವ ಪದಾರ್ಥ ನೇರವಾಗಿ ರಕ್ತಕ್ಕೆ ತಗುಲಿದರೆ ಕೆಂಪು ಕಣಗಳು ಒಡೆದುಹೋಗುತ್ತವೆ. ನೀರು ರಕ್ತಕ್ಕೆ ಅಷ್ಟು ಹತ್ತಿರ ಬರುವ ಜಾಗ ಊರಿಗೆ ಒಂದೇ ಇತ್ತು: ಕಿಡ್ನಿ ಕೆಟ್ಟವರ ರಕ್ತ ತೊಳೆಯುವ ಡಯಾಲಿಸಿಸ್ ವಾರ್ಡು. ಅಲ್ಲಿ ಇದ್ದಿಲು ತುಂಬಿದ ಒಂದು ಟಾಕಿ ಈ ಪದಾರ್ಥವನ್ನು ಹಿಡಿದಿಡುತ್ತಿತ್ತು. ಮಾಮೂಲಿ ದಿನಕ್ಕೆ ಒಂದು ಟಾಕಿ ಸಾಕು. ಔಷಧಿ ಏರಿದ ದಿನ ಎರಡನೇ ಟಾಕಿಯನ್ನೂ ಜೋಡಿಸಬೇಕು. ಯಾವ ದಿನ ಏರಿದೆ ಎಂದು ವಾರ್ಡಿಗೆ ಯಾರಾದರೂ ಹೇಳಬೇಕು.

ಮಧ್ಯಾಹ್ನ ಕಸ್ತೂರಿ ನಿಯಂತ್ರಣ ಕೋಣೆಯಲ್ಲಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ವಾರ್ಡಿನಲ್ಲಿ ಏಳು ಮಂದಿ ಯಂತ್ರದ ಮೇಲಿದ್ದರು, ಏಳೂ ಮಂದಿಗೆ ಉಸಿರು ಹತ್ತಿದೆ, ನಿಮ್ಮ ನೀರಿಗೆ ಏನು ಹಾಕಿದ್ದೀರಿ ಎಂದು ಒಬ್ಬ ಡಾಕ್ಟರು ಒದರಾಡಿದರು. ಕಸ್ತೂರಿ ಎದುರಿನ ಗೋಡೆ ನೋಡಿದಳು. ಒಂದೂ ಕೆಂಪಿಲ್ಲ, ಎಲ್ಲ ಹಸಿರು. ಆಮೇಲೆ ಅವಳ ಕಣ್ಣು ಫೋನು ಬಂದ ನಂಬರಿನ ಮೇಲೆ ಬಿತ್ತು. ಆ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಎರಡು ನಲವತ್ತರ ಗೆರೆಯ ನಂಬರು ಅದೇ.

ಆರು ಮಂದಿ ಉಳಿದರು. ಹುಸೇನಬಿ ನದಾಫ ಎಂಬ ಹೆಂಗಸು ಮೂರನೇ ದಿನ ತೀರಿಕೊಂಡಳು.

ಆ ಹೆಸರನ್ನು ನೀಲವ್ವನ ಬಾಯಿಂದಲೇ ಅವಳು ಮತ್ತೊಮ್ಮೆ ಕೇಳಬೇಕಾಯಿತು. ಕೆಲಸ ಮುಗಿಸಿ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಒಂದು ಕೌದಿ ಹರವಿಕೊಂಡು ಕೂತಿದ್ದಳು. ಹಳೇ ಸೀರೆ ಕೊಟ್ಟು ಹೊಲಿಸಲು ಹಾಕಿದ್ದ ಕೌದಿ. ನದಾಫರ ಓಣಿಯ ಹುಸೇನಬಿ ಹೊಲಿಯುತ್ತಿದ್ದಳಂತೆ, ವಾರಕ್ಕೆ ಮೂರು ಸಲ ದವಾಖಾನೆ, ಉಳಿದ ದಿನ ಸೂಜಿ. ಆಕೆಯ ಮಗಳು ಬಂದು, ಮಂದಿಯ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಕೊಟ್ಟು ಹೋಗಿದ್ದಳು. ಒಂದು ಅಂಚು ಹೊಲಿಯದೆ ಹಾಗೇ ಇತ್ತು, ಅದರಲ್ಲಿ ಸೂಜಿ ದಾರದ ಸಮೇತ ಚುಚ್ಚಿತ್ತು. ಕಸ್ತೂರಿಯ ಹಸಿರು ಸೀರೆಯ ತುಂಡೊಂದು ಆ ಅಂಚಿನಲ್ಲೇ ಇತ್ತು. ನೀಲವ್ವ ಸೂಜಿ ತೆಗೆಯಲು ಕೈ ಹಾಕಿದಾಗ ಕಸ್ತೂರಿ ಬೇಡ ಎಂದಳು.

ವಿಚಾರಣಾ ಸಮಿತಿ ಕೂತಿತು. ಅಧ್ಯಕ್ಷರಿಗೆ ಶ್ರಮ ಕೊಡದೆ, ಎಲ್ಲಿಂದ ಎಲ್ಲಿಗೆ ತಪ್ಪಿತು ಎಂಬ ಚಿತ್ರವನ್ನೂ ಹಂದರವೇ ಬರೆದುಕೊಟ್ಟಿತು. ಸಾವಿನಿಂದ ಹಿಂದೆ ಹಿಂದೆ ನಡೆದು ಹೋದರೆ ಎರಡನೇ ಟಾಕಿ ಜೋಡಿಸದ್ದು, ಅದರ ಹಿಂದೆ ಬಾರದ ಫೋನು, ಅದರ ಹಿಂದೆ ಅಳಿಸಿದ ಗೆರೆ, ಕಟ್ಟಕಡೆಯ ಚೌಕದಲ್ಲಿ 'ನೌಕರನಿಂದ ಸುಳ್ಳು ಮಾಹಿತಿ: ಎಫ್. ತಳವಾರ'. ಅಲ್ಲಿಗೆ ಚಿತ್ರ ಮುಗಿದಿತ್ತು. ಕಸ್ತೂರಿಯ ಹೆಸರು ಚಿತ್ರದ ಕೆಳಗೆ ಇತ್ತು, ದೃಢೀಕರಿಸುವವಳು ಎಂದು, ಸಹಿಗೆ ಜಾಗ ಬಿಟ್ಟು.

ಫಕ್ಕೀರಪ್ಪನವರನ್ನು ಕರೆಸಿದರು. ಅವರು ಟೋಪಿ ಕೈಯಲ್ಲಿ ಹಿಡಿದು ನಿಂತು, ಯಾರು ಏನು ಕೇಳಿದರೂ ಒಂದೇ ಮಾತು ಹೇಳಿದರು. ಸುಳ್ಳು ಹೇಳಿದ್ದು ತಾನೇ, ತಪ್ಪು ತನ್ನದೇ. ಯಾಕೆ ಸುಳ್ಳು ಹೇಳಿದಿರಿ ಎಂದಾಗ, ಹಿಂದೆ ಒಬ್ಬ ಸಾಹೇಬರು ಆಫೀಸಿನ ಫೋನಿನಿಂದ ದವಾಖಾನೆಗೆ ಯಾಕೆ ಮಾತಾಡುತ್ತೀ ಎಂದು ನೋಟೀಸು ಕೊಟ್ಟಿದ್ದರು, ಮನೆಗೆ ದಿನಕ್ಕೊಂದು ಫೋನು ಮಾಡಲು ಮಾತ್ರ ನಿಯಮದಲ್ಲಿ ಅವಕಾಶ ಇತ್ತು, ಅದಕ್ಕೇ ಮನೆ ಎಂದು ಹೇಳುವ ರೂಢಿಯಾಯಿತು ಎಂದರು. ಅಧ್ಯಕ್ಷರು ಬರೆದುಕೊಂಡರು. ಕೆಲಸದಿಂದ ವಜಾ, ಪೊಲೀಸ್ ಕೇಸು ಎಂಬ ಮಾತು ಆಗಲೇ ಕೋಣೆಯಲ್ಲಿ ಓಡಾಡುತ್ತಿತ್ತು. ಮೂರು ಹೆಜ್ಜೆ ಆಚೆ ಕಸ್ತೂರಿ ಕೂತಿದ್ದಳು. ಆ ಮನುಷ್ಯ ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಅದು ಸುಳ್ಳೆಂದು ಅವಳಿಗೆ ಅಂದೇ ಗೊತ್ತಿತ್ತು ಎಂಬುದು ಜಗತ್ತಿನಲ್ಲಿ ತನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು. ಅಂದು ಹಂದರದ ಕಿವಿ ಮುಚ್ಚಿಸಿದವಳೂ ಅವಳೇ.

ಸಹಿಗೆ ಎರಡು ದಿನ ಗಡುವು ಕೊಟ್ಟರು. ಆ ಎರಡು ದಿನ ಅವಳು ತನ್ನೊಂದಿಗೆ ಜಗಳಾಡಿದ್ದು ಅಷ್ಟಿಷ್ಟಲ್ಲ. ಸುಳ್ಳು ಹೇಳಿದವರು ಅವರಲ್ಲವೇ. ಇನ್ನೂರ ಹನ್ನೆರಡು ಮಂದಿಯಲ್ಲಿ ಒಬ್ಬೊಬ್ಬರ ಸುಳ್ಳನ್ನೂ ತಾನು ಹಿಡಿಯಬೇಕಿತ್ತೇ. ವಾರ್ಡಿನವರು ತಾವೇ ದಿನಾ ನೀರು ಪರೀಕ್ಷೆ ಮಾಡಬೇಕಿತ್ತಲ್ಲ. ಒಂದೊಂದೂ ಸರಿಯಾದ ವಾದವೇ. ಆದರೆ ಪ್ರತಿ ವಾದ ಮುಗಿದಾಗ ಆ ಮುದುಕ ನಳಿಕೆ ಕೆಳಗಿಟ್ಟು ತನ್ನನ್ನೇ ನೋಡುತ್ತಿದ್ದ ನೋಟ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಎರಡನೇ ದಿನ ಅವಳು ಆಸ್ಪತ್ರೆಗೆ ಹೋದಳು.

ವಾರ್ಡಿನ ಹಿರಿಯ ನರ್ಸು ಎಸ್ತೇರಮ್ಮ. ಹದಿನಾಲ್ಕು ವರ್ಷ ಅಲ್ಲೇ ಇದ್ದವರು. ಕಸ್ತೂರಿ ಜಲಮಂಡಳಿಯವಳು ಎಂದಷ್ಟೇ ಹೇಳಿಕೊಂಡಳು, ಉಳಿದದ್ದನ್ನು ಹೇಳುವ ಧೈರ್ಯ ಬರಲಿಲ್ಲ. ಎಸ್ತೇರಮ್ಮ ಟಾಕಿಗಳನ್ನು ತೋರಿಸಿದರು, ಗೋಡೆಯ ಫೋನು ತೋರಿಸಿದರು. ದಿನಾ ಎರಡು ನಲವತ್ತಕ್ಕೆ ಅದು ಬಾರಿಸುತ್ತಿತ್ತು. ಮೂರಕ್ಕೆ ಹೊಸ ಪಾಳಿಯ ರೋಗಿಗಳನ್ನು ಯಂತ್ರಕ್ಕೆ ಹಾಕುವ ಮೊದಲು ಇಪ್ಪತ್ತು ನಿಮಿಷ ಸಿಗಲಿ ಎಂದು ಫಕ್ಕೀರಪ್ಪನವರೇ ಆರಿಸಿಕೊಂಡ ಹೊತ್ತು. ಔಷಧಿ ಏರಿಸುವುದಿದ್ದರೆ ಮುಂಜಾನೆಯ ಪಾಳಿ ಇಳಿದ ಮೇಲೆಯೇ ಏರಿಸುತ್ತಿದ್ದರು.

"'ತಂಗಿ, ಇವತ್ತ ಇಷ್ಟೈತಿ, ಎರಡೂ ಟಾಕಿ ಹಾಕು' ಅಂತಿದ್ರು. ಇಲ್ಲಾಂದ್ರ 'ಇವತ್ತ ಒಂದ ಸಾಕು.' ಮುಗೀತು, ಹೆಚ್ಚಿನ ಮಾತಿಲ್ಲ" ಎಂದರು ಎಸ್ತೇರಮ್ಮ. ಅವರ ಹೆಂಡತಿ ಶಾಂತವ್ವ ಆ ಕೊನೆಯ ಹಾಸಿಗೆಯ ರೋಗಿಯಾಗಿದ್ದಳಂತೆ. ಒಂದು ಮಳೆಗಾಲ ಆಕೆಗೆ ಉಸಿರು ಹತ್ತಿದಾಗ, ನೀರಿನ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಡಾಕ್ಟರಿಗಿಂತ ಮೊದಲು ಪತ್ತೆ ಹಚ್ಚಿದವರು ಅವರೇ. ಆಕೆ ತೀರಿದ ಮರುದಿನ ಫೋನು ಬರಲಿಕ್ಕಿಲ್ಲ ಎಂದು ವಾರ್ಡಿನವರು ಅಂದುಕೊಂಡಿದ್ದರು. ಎರಡು ನಲವತ್ತಕ್ಕೆ ಸರಿಯಾಗಿ ಬಂತು. ಹೋದ ತಿಂಗಳು ಕೊಣ್ಣಳ್ಳಿಯಿಂದ ಕೊನೆಯ ಸಲ ಮಾತಾಡಿ, ಇಲ್ಲಿಂದ ನನಗೆ ಲೆಕ್ಕ ಕಾಣುವುದಿಲ್ಲ, ಇನ್ನು ಮೇಲೆ ಯಂತ್ರವೇ ನಿಮಗೆ ತಿಳಿಸುತ್ತದಂತೆ, ಮೇಡಮ್ಮಾರು ಹೇಳಿದ್ದಾರೆ ಎಂದಿದ್ದರು.

"ನಾವು ದಾರಿ ಕಾಯಕೋತ ಕುಂತ್ವಿ" ಎಂದರು ಎಸ್ತೇರಮ್ಮ.

ಮರುದಿನ ಸಮಿತಿಯ ಮುಂದೆ ಕಸ್ತೂರಿ ಸಹಿ ಮಾಡಲಿಲ್ಲ. ಹಂದರದಲ್ಲಿ ಪ್ರತಿ ತೀರ್ಮಾನದ ಜೊತೆ 'ಆಗ ಗೊತ್ತಿದ್ದ ಸಂಗತಿ' ಎಂಬ ಒಂದು ಖಾನೆ ಇರುತ್ತದೆ. ಅದನ್ನು ಅವಳು ಇನ್ನೂರ ಹನ್ನೆರಡು ಸಲವೂ ಖಾಲಿ ಬಿಟ್ಟಿದ್ದಳು, ಎಲ್ಲರೂ ಬಿಡುತ್ತಾರೆ. ಎರಡು ನಲವತ್ತರ ಗೆರೆಯ ಆ ಖಾನೆಯನ್ನು ಎಲ್ಲರೆದುರು ತೆರೆದು, ಬರೆಯುತ್ತಾ ಓದಿದಳು. ಇವರ ಪತ್ನಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು ಎಂಬುದು ನನಗೆ ಆ ಕ್ಷಣದಲ್ಲಿ ಗೊತ್ತಿತ್ತು. ಹೇಳಿದ್ದು ಸುಳ್ಳೆಂದೂ ಗೊತ್ತಿತ್ತು. ಉದ್ಘಾಟನೆ ತಡವಾದೀತೆಂದು ಕೇಳಲಿಲ್ಲ. ಯಂತ್ರ ನೋಡಿಕೊಳ್ಳುತ್ತದೆ ಎಂದು ಅವರಿಗೆ ಹೇಳಿದವಳೂ ನಾನೇ, ಹಾಗೆ ನೋಡಿಕೊಳ್ಳುವ ಏರ್ಪಾಡು ಎಲ್ಲಿಯೂ ಇರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು, ಇದನ್ನು ಬರೆಯಲೇಬೇಕೆಂದಿಲ್ಲ, ಇದಕ್ಕೆ ಸಾಕ್ಷಿ ಏನೂ ಇಲ್ಲ ಎಂದು ಮೆಲ್ಲಗೆ ಸೂಚಿಸಿದರು. ಅವಳು ಬರೆದು ಮುಗಿಸಿದಳು. ಹಂದರ ಒಂದು ಗಳಿಗೆ ತಡೆದು ಚಿತ್ರವನ್ನು ಮತ್ತೆ ಬರೆಯಿತು. ಕಟ್ಟಕಡೆಯ ಚೌಕದಲ್ಲಿ ಈಗ 'ಕೆ. ಬಳಿಗಾರ' ಎಂದಿತ್ತು.

ಅವಳನ್ನು ಅಮಾನತು ಮಾಡಿದರು, ಮುಂದಿನ ಕೇಸು ಅವಳ ಮೇಲೆ ನಡೆಯಲಿತ್ತು. ಫಕ್ಕೀರಪ್ಪನವರನ್ನು ಅದೇ ವಾರ ಫಿಲ್ಟರ್ ಹೌಸಿಗೆ ವಾಪಸು ಹಾಕಿ, ಹಳೇ ಫೋನನ್ನು ಮತ್ತೆ ಜೋಡಿಸಿಕೊಟ್ಟರು. ಹೃದಯ ಹಗುರಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಆಗಲಿಲ್ಲ. ನೀಲವ್ವನಿಗೆ ಎಲ್ಲ ಹೇಳಿದಳು. ಅವ್ವ ಕೌದಿಯನ್ನು ಮಡಚಿ, ಸೂಜಿ ಹಾಗೇ ಬಿಟ್ಟು, ಟ್ರಂಕಿನಲ್ಲಿ ಇಟ್ಟಳು.

ಒಂದು ಮಧ್ಯಾಹ್ನ ಅವಳು ಫಿಲ್ಟರ್ ಹೌಸಿಗೆ ಹೋದಳು. ಫಕ್ಕೀರಪ್ಪ ಬೆಳಕಿಗೆ ನಳಿಕೆ ಹಿಡಿದಿದ್ದರು. ತನ್ನನ್ನು ಕಂಡು ಅವರಿಗೆ ಸಮಾಧಾನವಾದೀತು, ಏನಾದರೂ ಒಳ್ಳೆಯ ಮಾತು ಆಡಿಯಾರು ಎಂಬ ಆಸೆ ಅವಳ ಮನಸ್ಸಿನ ಮೂಲೆಯಲ್ಲಿ ಇತ್ತು, ಇಲ್ಲ ಎನ್ನಲಾಗದು. ತಪ್ಪಾಯಿತು ಕಾಕಾ ಎಂದಳು. ಅವರು ಬಣ್ಣ ನೋಡಿ ಮುಗಿಸಿ ನಳಿಕೆ ಕೆಳಗಿಟ್ಟರು.

"ಅವತ್ತ ನಿಮ್ಮ ಕೈಯಾಗ ನನ್ನ ಪುಸ್ತಕ ಇತ್ತು. ನೀವು ಓದಿದ್ದು ನಾ ನೋಡಿದೆ" ಎಂದರು. "ಈಗ ಕೇಳತಾರ, ಈಗ ಕೇಳತಾರ ಅಂತ ಕಾಯಕೋತ ನಿಂತಿದ್ದೆ. ಕೇಳಿದ್ರ ಹೇಳಿಬಿಡತಿದ್ನರಿ."

ಗೋಡೆಯ ಗಡಿಯಾರದಲ್ಲಿ ಎರಡು ಮೂವತ್ತೊಂಬತ್ತಾಗಿತ್ತು. ಫಕ್ಕೀರಪ್ಪ ಅಂದಿನ ಲೆಕ್ಕವನ್ನು ಒಂದು ಚೀಟಿಯ ಮೇಲೆ ಬರೆದು ಅವಳ ಮುಂದಿಟ್ಟರು. ಇನ್ನೆರಡು ತಿಂಗಳಿಗೆ ತಾನು ಮನೆಗೆ ಹೋಗುವವನು, ಇದನ್ನು ಮುಂದೆ ಯಾರು ಮಾಡುತ್ತಾರೋ ಯಾರೂ ಬರೆದಿಟ್ಟಿಲ್ಲ ಎಂದರು. ಫೋನನ್ನು ಅವಳ ಕಡೆ ಸರಿಸಿ, ತಾನು ನಳಿಕೆ ತೊಳೆಯಲು ಎದ್ದು ಹೋದರು.

ಅವಳು ನಂಬರು ಒತ್ತಿದಳು. ಮೊದಲನೇ ಸಲ ಒತ್ತುತ್ತಿದ್ದಳು. ಎರಡು ಸಲ ಬಾರಿಸಿತು, ಎಸ್ತೇರಮ್ಮ ಎತ್ತಿದರು, ಹಲೋ ಎಂದ ಹೆಂಗಸಿನ ದನಿ ಕೇಳಿ ಯಾರು ಎಂದರು.

"ಕಸ್ತೂರಿ ಬಳಿಗಾರ" ಎಂದಳು. "ಈ ಫೋನು ತೆಗಿಸಿದಾಕಿ ನಾನ ರೀ."

ಆ ಕಡೆಯಿಂದ ಯಂತ್ರಗಳು ತಿರುಗುವ ಸದ್ದು, ಯಾರೋ ಕೆಮ್ಮಿದ್ದು, ಚಕ್ರದ ಗಾಡಿ ಹೋದದ್ದು ಕೇಳುತ್ತಿತ್ತು. ಇಟ್ಟುಬಿಡುತ್ತಾರೆ ಎಂದುಕೊಂಡಳು. ಇಟ್ಟರೆ ಸರಿಯೇ ಎಂದೂ ಅನ್ನಿಸಿತು.

"ಹೇಳ್ರಿ" ಎಂದರು ಎಸ್ತೇರಮ್ಮ. "ಎಷ್ಟೈತಿ ಇವತ್ತ?"

ಕಸ್ತೂರಿ ಚೀಟಿ ನೋಡಿ ಓದಿದಳು.